ಹದಿನಾಲ್ಕು ದಿನ ಹಾಲು ಬಿಡ್ರಿ

ಮಾನ್ವಿ
೧೪–೯–೨೦೨೫, ಐತ್ವಾರ

ಸಂಘಮಿತ್ರಾಳ ಅಪ್ಪಾರಿಗೆ,

ಮೌನೇಶ್ವರಿ ಮಾಡುವ ನಮಸ್ಕಾರ. ಫೋನ್ ಹಚ್ಚಿದ್ರ ಎತ್ತೋದು ಅತ್ತಿಯವರು. ಅದಕ್ಕ ಈ ಕಾಗದ ದೇವದುರ್ಗದ ನಿಮ್ಮ ಸಾಲಿ ವಿಳಾಸಕ್ಕ ಹಾಕಾಕತ್ತೀನಿ. ಪೂರ್ತಿ ಓದ್ರಿ, ಅರ್ಧಕ್ಕ ಮಡಚಿ ಕಿಸೆದಾಗ ಇಟ್ಕೋಬ್ಯಾಡ್ರಿ.

ನಿಮ್ಮ ಮಗಳಿಗೆ ಎರಡು ತಿಂಗಳಿಂದ ಹೊಟ್ಟಿ ನೋವು. ಸಾಲ್ಯಾಗ ಬೆಳಿಗ್ಗಿ ಹಾಲು ಕುಡಿದ ತಾಸಿಗೆ ಹೊಟ್ಟಿ ಉಬ್ಬೋದು, ಗುಡುಗುಡು ಅನ್ನೋದು, ಸಂಡಾಸಿಗೆ ಓಡೋದು. ಸೂಟಿ ದಿನ ಮಾತ್ರ ಆರಾಮ. ಎಂಟು ವರ್ಷದ ಕೂಸು ಹೊಟ್ಟಿ ಹಿಡ್ಕೊಂಡು ಮುದುಡಿ ಮಲಗ್ತಿತ್ತು. ನೀವು ಮಲಗ್ತಿದ್ದುದೂ ಥೇಟ್ ಹಂಗಾ.

ರಾಯಚೂರಿಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಆತಿಯಾ ಎಲ್ಲಾ ಕೇಳಿ, ಹದಿನಾಲ್ಕು ದಿನ ಹಾಲು, ಚಾ, ಪೇಢೆ ಏನೂ ಕೊಡಬ್ಯಾಡ, ಹದಿನೈದನೇ ದಿನ ಬರೇ ಹೊಟ್ಟಿಗೆ ಒಂದು ಗ್ಲಾಸ್ ಹಾಲು ಕೊಟ್ಟು ನೋಡು ಅಂದ್ರು. ಹದಿನಾಲ್ಕು ದಿನ ಹುಡುಗಿ ಕುಣಿದಾಡ್ತು. ಹದಿನೈದನೇ ದಿನ ಮತ್ತ ಅದಾ ಕಥಿ. ಹಾಲಿನಾಗಿನ ಸಕ್ಕರಿ ಅರಗಿಸೋ ಶಕ್ತಿ ಅಕಿ ಹೊಟ್ಟಿಗೆ ಕಡಿಮಿ ಅಂತ. ಎಷ್ಟೋ ಮಂದಿಗೆ ಹಿಂಗದ, ಮನೆತನದಾಗೂ ಬರ್ತದ, ಅಪ್ಪಗ ಅದ ಏನು ಅಂತ ಕೇಳಿದ್ರು. ನಾ ಏನ್ ಹೇಳ್ಲಿ? ಅಪ್ಪಗ ನಾನಾ ಮದ್ದು ಹಾಕೀನಂತ್ರಿ ಮೇಡಂ ಅಂತ ಹೇಳ್ಲೇನು?

ದಿನಕ್ಕ ಆರು ಸಲ ಚಾ ಕುಡಿಯೋರು ನೀವು. ಹೊಟ್ಟಿ ಉಬ್ಬಿದ್ರ, ಗಂಡನ್ನ ಕೈಯಾಗ ಇಟ್ಕೊಳ್ಳಾಕ ಸೊಸಿ ಊಟದಾಗ ಮದ್ದು ಹಾಕ್ಯಾಳ ಅಂತ ಅತ್ತಿ ಓಣಿ ತುಂಬ ಸಾರಿದ್ರು. ಮದ್ದು ತೆಗೆಯೋನ ಹತ್ರ ಕರ್ಕೊಂಡು ಹೋದ್ರು. ಅವ ಬೇರು ಅರದು ಕುಡಿಸಿದ್ದು ಯಾತರಾಗ? ಒಂದು ಚೊಂಬು ಹಾಲಿನಾಗ! ಹೊಟ್ಟಿ ಕೆಡದ ಏನಾದೀತು? ಅದನ್ನಾ ಸಾಕ್ಷಿ ಅಂದ್ರಿ. ಮಕ್ಕಳಿಗೆ ವಿಜ್ಞಾನ ಕಲಿಸೋ ಮಾಸ್ತರು!

ನಾ ತವರಿಗೆ ಬಂದು ಐದು ತಿಂಗಳಾತು, ನಿಮ್ಮ ಹೊಟ್ಟಿ ನೋವು ಇನ್ನೂ ಹೋಗಿಲ್ಲಂತ ಪಕ್ಕದ ಮನಿ ಶರಣಮ್ಮ ಹೇಳ್ಯಾಳ. ಮಾನ್ವಿಯಿಂದ ದೇವದುರ್ಗದ ನಿಮ್ಮ ಊಟದ ತಾಟಿನ ತನಕ ಚಾಚೋ ಕೈ ನನಗಿಲ್ಲ.

ನನಗ ಖಾತ್ರಿ ಅದ. ಆದ್ರ ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಹೊಟ್ಟೀನ ಕೇಳ್ರಿ. ಕಾಗದ ಮುಟ್ಟಿದ ಮರುದಿನದಿಂದ ಹದಿನಾಲ್ಕು ದಿನ ಹಾಲು ಬಿಡ್ರಿ, ಚಾನೂ ಬಿಡ್ರಿ. ಹದಿನೈದನೇ ದಿನ ಅತ್ತಿ ಕೈಯಿಂದಾನ ಒಂದು ಗ್ಲಾಸ್ ಇಸ್ಕೊಂಡು ಕುಡೀರಿ. ಹೊಟ್ಟಿ ಗುಡುಗಿದ್ರ ಅದಾ ಓಣ್ಯಾಗ ನಿಂತು, ನನ್ನ ಹೆಂಡತಿದು ತಪ್ಪಿಲ್ಲ ಅಂತ ಎಲ್ಲರಿಗೂ ಕೇಳೂ ಹಂಗ ಹೇಳ್ರಿ. ಆಮ್ಯಾಲ ಕರಿಯಾಕ ಬರ್ರಿ. ಹಂಗ ಹೇಳದ ಬಂದ್ರ ನಾ ಬರಂಗಿಲ್ಲ.

ನಿಮ್ಮ
ಮೌನೇಶ್ವರಿ

ತಾ.ಕ.: ಅವತ್ತು ಅಡಗಿಮನ್ಯಾಗ ಮದ್ದು ಹಾಕೀಯೇನು ಅಂತ ಕೇಳಿದಾಗ, ಹೌದು ಹಾಕೀನಿ ಅಂದಿದ್ದೆ. ಅತ್ತಿ ಕೇಳಿದ್ರ ನಕ್ಕು ಬಿಡ್ತಿದ್ದೆ. ನೀವು ಕೇಳಿದ್ರಿ, ಆ ಸಿಟ್ಟಿಗೆ ಹಂಗಂದೆ. ಹಾಕಿರಲಿಲ್ಲರಿ.