ಗದ್ದೆಪ್ಪನ ವಾಚು

ಅಪ್ಪಾ,

ನೀನಿಲ್ಲದ ಮಸ್ಕಿಯ ಮನೆಯಲ್ಲಿ ಕುಳಿತು ಇವತ್ತು ನಮ್ಮ ತಂಡದ ಪ್ರೋಗ್ರಾಮಿನ ಒಂದು ದೋಷ ಹಿಡಿದೆ. ವರ್ಚುವಲ್ ಯಂತ್ರವೆಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರು. ನಮ್ಮದಕ್ಕೆ ನಾಲ್ಕು ಪ್ರೊಸೆಸರು. ಮೊದಲನೆಯದು ಗಡಿಯಾರ ಹೊಂದಿಸುವ ಮುಂಚೆಯೇ ಉಳಿದ ಮೂರು ಅದನ್ನು ನೋಡಿ ಓಡತೊಡಗುತ್ತಿದ್ದವು; ಯಂತ್ರ ಶುರುವಾಗುವಾಗಲೇ ನಿಂತುಬಿಡುತ್ತಿತ್ತು.

ನೀನು ನೆನಪಾದೆ. ನೀನು ಬಳಗಾನೂರಿನ ಕಾಲುವೆಯ ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದಾಗ, ಒಬ್ಬೊಬ್ಬರ ಹೊಲಕ್ಕೆ ಇಷ್ಟು ಹೊತ್ತೆಂಬ ಪಾಳಿಯ ನೀರು ಬಿಡುವ ಮೊದಲು ರೈತರನ್ನೆಲ್ಲ ನಿಲ್ಲಿಸಿ, "ಮೊದ್ಲ ಎಲ್ಲಾರು ನನ್ನ ವಾಚಿನ ಟೈಮ್ ಇಟ್ಕೊಳ್ರಪಾ, ಆಮ್ಯಾಲ ಗೇಟ್ ಎತ್ತತೀನಿ" ಎನ್ನುತ್ತಿದ್ದೆ. ಗೆಳತಿಯರ ಮುಂದೆ ನಾನದನ್ನು ಅಣಕಿಸಿದ ದಿನ ನೀನು ಬಾಗಿಲಲ್ಲೇ ನಿಂತಿದ್ದೆ.

ಇವತ್ತು ಮೊದಲನೆಯದು ಗಡಿಯಾರ ಹೊಂದಿಸುವವರೆಗೆ ಆ ಮೂರು ಪ್ರೊಸೆಸರುಗಳೂ ಹಾಗೆಯೇ ಕಾಯುವಂತೆ ಮಾಡಿದೆ. ಇನ್ನೂರು ಸಲ ಶುರುಮಾಡಿದರೂ ಯಂತ್ರ ನಿಲ್ಲಲಿಲ್ಲ. ಪ್ರೋಗ್ರಾಮಿನ ಆ ಸಾಲಿಗೆ 'ಗದ್ದೆಪ್ಪನ ವಾಚು' ಎಂದು ಟಿಪ್ಪಣಿ ಬರೆದೆ.

ಗದ್ದೆಪ್ಪ ಯಾರೆಂದು ಆನ್‌ಲೈನ್ ಮೀಟಿಂಗಿನಲ್ಲಿ ತಂಡದವರು ಕೇಳಿದರು. "ನಮ್ಮಪ್ಪ" ಎಂದೆ, ಎಲ್ಲರಿಗೂ ಕೇಳುವಂತೆ.

ಯಶೋಧರಾ