ಗುರುವಾರದ ಬ್ರೆಡ್ ಪೊಟ್ಟಣ

ಮಂಗಳವಾರ, ನವೆಂಬರ್ ೧೪
ಕ್ಲಿನಿಕ್‌ನಿಂದ, ಮಧ್ಯಾಹ್ನ

ಪ್ರೀತಿಯ ಉದ್ದಣ್ಣನಿಗೆ,

ನಾನು ಕ್ಷೇಮ. ನೀನು ಕ್ಷೇಮವಾಗಿರುವುದು ದಿನಾ ಬೆಳಿಗ್ಗೆ ನಿನ್ನ ಚರ್ಚಿನ ಗಂಟೆ ಕೇಳಿದಾಗಲೇ ಗೊತ್ತಾಗುತ್ತಿದೆ. ನಿನ್ನ ಮೂರು ಕಾಗದ, ಒಂದು ಆಮಂತ್ರಣ ಪತ್ರಿಕೆ, ಎಲ್ಲವೂ ನನ್ನ ಮೇಜಿನ ಮೇಲೆ ಬಿ.ಪಿ. ನೋಡುವ ಯಂತ್ರದ ಕೆಳಗೆ ಬಿದ್ದಿವೆ. ಉತ್ತರ ಬರೆಯದೆ ಐದು ವಾರವಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದು ಪದ್ಧತಿ, ಕೇಳಿದ್ದೇನೆ ಅಂದುಕೋ. ನಿಜವಾಗಿ ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಪಾದ್ರಿಗೆ ಬರೆಯಬಾರದ ಮಾತುಗಳಿದ್ದವು. ಇನ್ನೊಂದರಲ್ಲಿ ಯಾರಿಗೂ ಬರೆಯಬಾರದ ಮಾತುಗಳಿದ್ದವು.

ಇನ್ನೂರು ಹೆಜ್ಜೆ ದೂರದಲ್ಲಿರುವವನಿಗೆ ಅಂಚೆಯಲ್ಲಿ ಕಾಗದವೇ ಎಂದು ಅಕ್ಕ ನಗುತ್ತಾಳೆ. ಎದುರಿಗೆ ಬಂದರೆ ನಾನು ಕೂಗಾಡುತ್ತೇನೆ. ನೀನು ಹೆಗಲ ಮೇಲೆ ಕೈಯಿಟ್ಟು "ಆಯ್ತಪ್ಪ ಸಿಡುಕ, ಮೊದಲು ಕೂತ್ಕೋ" ಅನ್ನುತ್ತೀಯೆ. ಮೂರನೇ ಕ್ಲಾಸಿನಿಂದ ಇದೇ ನಾಟಕ. ಕೂತ ತಕ್ಷಣ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಇಳಿಯಬಾರದು. ಅದಕ್ಕೇ ಕಾಗದ.

ಹನ್ನೆರಡು ವರ್ಷದ ಹಿಂದೆ ನಾವು ಗುರುವಾರದ ಕ್ಲಿನಿಕ್ ಶುರುಮಾಡಿದಾಗ ಏನಾಯಿತು, ನೆನಪಿದೆಯೇ? ಚರ್ಚಿನ ಪಕ್ಕದ ಕೋಣೆಗೆ "ಉಚಿತ ಚಿಕಿತ್ಸೆ" ಎಂದು ಬೋರ್ಡು ಹಾಕಿ, ನಾನು ಒಗೆದ ಕೋಟು ತೊಟ್ಟು ಕೂತಿದ್ದೆ. ಮೂರು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಜನಕ್ಕೆ ಸೊಕ್ಕು ಎಂದು ನಾನು ಬೈದೆ. ನೀನು ಬೋರ್ಡು ಕಿತ್ತು ಹಾಕಿದೆ. "ಸೊಕ್ಕಲ್ಲ ಕಣೋ. ನಾಳೆ ಎದುರುಮನೆಯವರ ಮುಖ ನೋಡ್ಬೇಕಲ್ಲ ಅವರು" ಅಂದೆ. ಬೇಕರಿಯವನನ್ನು ಕರೆತಂದವನೂ ನೀನೇ. ಮಾತ್ರೆಯನ್ನು ಅವನ ಕಂದು ಕಾಗದದ ಚೀಲದಲ್ಲಿ ಹಾಕಿ, ಮೇಲೆ ಎರಡು ಬನ್ನು ಇಟ್ಟು ಮಡಚುವುದು. ಬಂದವರು ಬ್ರೆಡ್ ಕೊಂಡವರ ಹಾಗೆ ಬೀದಿಯಲ್ಲಿ ನಡೆದುಹೋಗುವುದು. "ನನ್ನ ಬನ್ನು ತಿಂದ್ರೆ ಜ್ವರ ಬಿಡತ್ತೆ ಅಂತ ಸುದ್ದಿ ಆಗಿಬಿಟ್ರೆ ನಾನೇ ಡಾಕ್ಟ್ರಾಗಿಬಿಡ್ತೀನಿ ಫಾದರ್" ಎಂದು ಅವನು ನಕ್ಕಿದ್ದ. ಅವತ್ತು ನಿನ್ನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಓದಿದ್ದು ನಾನು, ರೋಗಿಗಳನ್ನು ಅರ್ಥಮಾಡಿಕೊಂಡದ್ದು ನೀನು.

ಅಂಥ ನೀನೇ ಹೀಗೆ ಮಾಡಿದೆಯಲ್ಲ, ಅದು ನನ್ನನ್ನು ಸುಡುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಮೂರ್ಖ ಎಂದು ಬಿಟ್ಟುಬಿಡುತ್ತಿದ್ದೆ.

ಆ ಭಾನುವಾರ ಸಾಮಿಲ್ ಯಜಮಾನರು ಚರ್ಚಿನ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಹೊಸ ಆಸ್ಪತ್ರೆ ಕಟ್ಟಿಸಿಕೊಡುವ ದೊಡ್ಡ ಮನಸ್ಸು ಅವರದು, ಇಲ್ಲ ಅನ್ನುವುದಿಲ್ಲ. ಆದರೆ ಯಾರಿಗೆ ಗುಣವಾಗಿದೆ, ಕಣ್ಣಾರೆ ನೋಡಬೇಕು ಎಂದು ಅವರು ಕೇಳಿದ ತಕ್ಷಣ ನೀನು ಒಪ್ಪಿಕೊಂಡೆಯಲ್ಲ! ನನ್ನನ್ನು ನಿನ್ನ ಪಕ್ಕದಲ್ಲಿ, ಜನರ ಕಡೆ ಮುಖಮಾಡಿ ಕುರ್ಚಿಯಲ್ಲಿ ಕೂರಿಸಿದೆ. ಉಪದೇಶ ಮುಗಿಸಿ, "ನಮ್ಮ ಡಾಕ್ಟರ ಕೈಯಿಂದ ಜೀವ ಉಳಿಸಿಕೊಂಡವರು ಎದ್ದು ನಿಲ್ಲಿ" ಅಂದೆ. ಯಾರೂ ಏಳಲಿಲ್ಲ. ಅಲ್ಲಿಗೆ ನಿನಗೆ ಅರ್ಥವಾಗಬೇಕಿತ್ತು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿದ್ದ ಹೊಲಿಗೆಯಾಕೆ ನಿನ್ನ ಕಣ್ಣಿಗೆ ಬಿದ್ದಳು. "ಏಳಮ್ಮ, ಸಂಕೋಚ ಯಾಕೆ?" ಅಂದೆ. ಅವಳು ಎದ್ದಳು. ಅಷ್ಟು ಸಾಲದೆಂದು ಕಾಯಿಲೆಯ ಹೆಸರನ್ನೂ ಹೇಳಿದೆ. ಕ್ಷಯ. ಆ ಒಂದು ಪದ ಹೇಳುವಾಗ ನಿನ್ನ ದನಿ ಎಷ್ಟು ಚೆನ್ನಾಗಿ ನಡುಗಿತು! ಜನ ಚಪ್ಪಾಳೆ ತಟ್ಟಿದರು.

ಅವಳ ಒಂದು ಪಕ್ಕದಲ್ಲಿ ಹೆಡ್‌ಮಿಸ್ಸು, ಇನ್ನೊಂದು ಪಕ್ಕದಲ್ಲಿ ಔಷಧಿ ಅಂಗಡಿಯವರ ಹೆಂಡತಿ. ಇಬ್ಬರ ಮೈಮೇಲಿದ್ದ ಬಟ್ಟೆಯೂ ಅವಳೇ ಹೊಲಿದದ್ದು. ಚಪ್ಪಾಳೆ ತಟ್ಟುತ್ತಲೇ ಹೆಡ್‌ಮಿಸ್ಸು ಒಂದು ಗೇಣು ಆಚೆ ಸರಿದರು. ಆ ಒಂದು ಗೇಣನ್ನು ನಾನು ನೋಡಿದೆ. ನೀನು ಯಜಮಾನರನ್ನು ನೋಡುತ್ತಿದ್ದೆ.

ನಾಲ್ಕು ತಿಂಗಳು ಮಾತ್ರೆ ನುಂಗಿದ ಮೇಲೆ ಅವಳಿಂದ ಯಾರಿಗೂ ಅಂಟುವ ಭಯ ಇರಲಿಲ್ಲ, ಇದು ನಿನಗೂ ಗೊತ್ತು, ನನಗೂ ಗೊತ್ತು. ಬೀದಿಗೆ ಯಾರು ಹೇಳಬೇಕು? ಮಂಗಳವಾರದೊಳಗೆ ಶಾಲೆಯ ಸಮವಸ್ತ್ರದ ಬಟ್ಟೆಯನ್ನೆಲ್ಲ ಹೊಲಿಯುವ ಮೊದಲೇ ವಾಪಸು ತರಿಸಿಕೊಂಡರು. ಗುರುವಾರ ಅವಳು ಕ್ಲಿನಿಕ್‌ಗೆ ಬರಲಿಲ್ಲ. ಶನಿವಾರ ನಮ್ಮ ನರ್ಸಮ್ಮ ಹೋಗಿ ನೋಡಿದರೆ ಮನೆ ಖಾಲಿ. "ನಮ್ಮನೇಲಿ ಮಕ್ಕಳಿದಾರಲ್ಲ" ಅಂದರಂತೆ ಮನೆ ಒಡತಿ. ಬಾಗಿಲ ಪಕ್ಕದ ಗೋಡೆಯಲ್ಲಿ ಹೊಲಿಗೆ ಯಂತ್ರ ಒರಗಿದ್ದ ಕಡೆ ಬಣ್ಣ ಹೋಗಿ ಬಿಳಿಯ ಗುರುತಾಗಿತ್ತಂತೆ. ನರ್ಸಮ್ಮ ಅದನ್ನು ನನಗೆ ನಾಲ್ಕು ಸಲ ಹೇಳಿದರು.

ಆರು ತಿಂಗಳು ತಪ್ಪದೆ ನುಂಗಬೇಕಾದ ಮಾತ್ರೆ, ಉದ್ದಣ್ಣ. ನಾಲ್ಕಕ್ಕೆ ನಿಂತಿದೆ. ಹೀಗೆ ನಡುವೆ ಬಿಟ್ಟರೆ ಮತ್ತೆ ಬರುವ ಕಾಯಿಲೆ ಇದೇ ಮಾತ್ರೆಗೆ ಬಗ್ಗದೇ ಹೋಗಬಹುದು. ಅವಳು ಸತ್ತರೆ ನೀನು ಅತಿ ಚೆಂದದ ಪ್ರಾರ್ಥನೆ ಮಾಡುತ್ತೀಯೆ, ಅದರಲ್ಲಿ ಅನುಮಾನವಿಲ್ಲ.

ನಿನ್ನ ಎರಡನೇ ಕಾಗದದಲ್ಲಿ ಬರೆದಿದ್ದೀಯೆ: "ಒಬ್ಬಳಿಗೆ ಸ್ವಲ್ಪ ಮುಜುಗರವಾಗಿರಬಹುದು, ಆದರೆ ಆ ಕಟ್ಟಡದಿಂದ ಎಷ್ಟು ಜನಕ್ಕೆ ಒಳ್ಳೆಯದಾಗುತ್ತದೆ ಯೋಚಿಸು." ಯೋಚಿಸಿದೆ. ಐದು ವಾರ ಬೇರೇನನ್ನೂ ಯೋಚಿಸಿಲ್ಲ. ಮುಜುಗರವಂತೆ! ಅನ್ನದ ತಟ್ಟೆ ಕಿತ್ತುಕೊಂಡು ಅದಕ್ಕೆ ಮುಜುಗರ ಎಂದು ಹೆಸರಿಡಲು ನಿನಗೆ ಯಾರು ಕಲಿಸಿದರು? ಕೊಡುವವನು ನೋಡಬೇಕು, ಸರಿ. ಪಡೆದವಳನ್ನು ಸಂತೆಯ ಹಸುವಿನ ಹಾಗೆ ನಿಲ್ಲಿಸಬೇಕೆ? ಮೂರನೇ ಕ್ಲಾಸಿನಲ್ಲಿ ನೀನು ಯಾರೋ ದಾನ ಕೊಟ್ಟ ಬೂಟು ಹಾಕಿಕೊಂಡು ಬಂದಾಗ ಮೇಷ್ಟ್ರು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಎಲ್ಲರಿಗೂ ತೋರಿಸಿದ್ದರಲ್ಲ. ಆಮೇಲೆ ಒಂದು ವರ್ಷ ಬರಿಗಾಲಲ್ಲೇ ಬಂದೆ. ಮರೆತುಬಿಟ್ಟೆಯಾ?

ಆ ಕುರ್ಚಿಯಲ್ಲಿ ಕೂತು ನಾನೇಕೆ ಸುಮ್ಮನಿದ್ದೆ ಎಂದು ನೀನು ಕೇಳಬಹುದು. ತುಂಬಿದ ಚರ್ಚಿನಲ್ಲಿ ಪಾದ್ರಿಯ ಮಾತಿಗೆ ಅಡ್ಡ ಬಾಯಿ ಹಾಕಲೇ? ನಾನು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಭಾನುವಾರ ಹೊಸ ಆಸ್ಪತ್ರೆಯ ಅಡಿಗಲ್ಲು ಸಮಾರಂಭಕ್ಕೆ ನಾನು ಬರುವುದಿಲ್ಲ. ಬಾಗಿಲ ಮೇಲಿಡುವ ಕಲ್ಲಿನಲ್ಲಿ ನನ್ನ ಹೆಸರು ಕೆತ್ತಿಸಿದ್ದರೆ ಅದನ್ನು ತಿರುಗಿಸಿ ಹಾಕಿಸು. ಆಮಂತ್ರಣ ಪತ್ರಿಕೆಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಹರಿದಿಲ್ಲ, ಅದರ ಬೆನ್ನಿಗೆ ಹೊಲಿಗೆಯಾಕೆಯ ಹೊಸ ವಿಳಾಸ ಬರೆದಿದ್ದೇನೆ. ಬಟ್ಟೆ ಒಗೆಯುವ ಅಂಗಡಿಯ ಹಿಂದೆ, ಮಹಡಿ ಮೇಲಿನ ಎರಡನೇ ಬಾಗಿಲು. ನರ್ಸಮ್ಮ ಹುಡುಕಿದ್ದು. ಗುರುವಾರ ನೀನೇ ಹೋಗಬೇಕು. ನಿಲುವಂಗಿ ಬೇಡ, ಯಜಮಾನರ ಕಾರು ಬೇಡ. ತಪ್ಪಾಯಿತು ಎಂದು ಹೇಳು. ಅದರ ಮುಂದೆ "ಆದರೆ" ಎಂದು ಒಂದು ಮಾತು ಸೇರಿಸಿದರೂ ನಾನು ಜನ್ಮದಲ್ಲಿ ನಿನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ.

ಅಕ್ಕ ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದ್ದಾಳೆ. ಎಣ್ಣೆ ಹಚ್ಚಿಸಿಕೋ, ಅಲಕ್ಷ್ಯ ಮಾಡಬೇಡ. ಆಶೀರ್ವಾದ ಮಾಡುವುದು ನಿನ್ನ ಕಸುಬು, ಆದರೂ ನಿನಗಿಂತ ಎಂಟು ತಿಂಗಳು ದೊಡ್ಡವನು ನಾನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ಇಷ್ಟಾದರೂ ನಿನ್ನವನೇ,
ಸಿಡುಕ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಮಡಚಿ ಲಕೋಟೆಗೆ ಹಾಕಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ.

ನಿನ್ನೆ ನಾನೇ ಅಲ್ಲಿಗೆ ಹೋಗಿದ್ದೆ, ಬ್ರೆಡ್ ಪೊಟ್ಟಣ ಹಿಡಿದುಕೊಂಡು. ಅವಳು ಅರ್ಧ ಬಾಗಿಲು ತೆರೆದಳು. ಮತ್ತೆ ಕೆಮ್ಮು ಶುರುವಾಗಿದೆ, ಮೆಟ್ಟಿಲ ಕೆಳಗಿಂದಲೇ ಕೇಳಿಸಿತು. ಪೊಟ್ಟಣ ನೋಡಿ ಕೈ ಚಾಚಲಿಲ್ಲ. "ಅದನ್ನ ಕೋಟಿನೊಳಗೆ ಇಟ್ಕೊಳ್ಳಿ ಡಾಕ್ಟ್ರೇ. ನಾನು ಗುರುವಾರ ಹಿಡ್ಕೊಂಡು ಹೋಗ್ತಿದ್ದ ಚೀಲ ಏನು ಅಂತ ಈಗ ಎಲ್ಲರಿಗೂ ಗೊತ್ತು" ಅಂದಳು. ಕಳೆದ ಗುರುವಾರ ನಾಲ್ಕೇ ಜನ ಏಕೆ ಬಂದರು ಎಂದು ನನಗೆ ಆಗ ತಿಳಿಯಿತು.

ಫಾದರ್ ಮಾಡಿದ್ದು ತಪ್ಪು, ನಾನು ಅವರನ್ನು ಬಿಡುವುದಿಲ್ಲ ಎಂದು ನಿನ್ನನ್ನು ಬೈಯಲು ಶುರುಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಫಾದರ್ ಕರೆದ ತಕ್ಷಣ ನಾನು ಏಳ್ಲಿಲ್ಲ, ಡಾಕ್ಟ್ರೇ. ಮೊದಲು ನಿಮ್ಮ ಮುಖ ನೋಡಿದೆ. ಬೇಡ ಅಂತ ಒಂದು ಸಲ ತಲೆ ಅಲ್ಲಾಡಿಸಿದ್ರೆ ಕೂತೇ ಇರ್ತಿದ್ದೆ. ನೀವು ನಗ್ತಾ ಇದ್ರಿ. ಅದಕ್ಕೇ ಎದ್ದೆ."

ನಗುತ್ತಿದ್ದೆ, ಉದ್ದಣ್ಣ. ನೀನು ನನ್ನನ್ನು ಹೊಗಳುತ್ತಿದ್ದೆ, ನಾನು ಕೋಟಿನ ಗುಂಡಿ ಸರಿಮಾಡಿಕೊಂಡು ನಗುತ್ತಿದ್ದೆ. ಹೊಸ ಬಾಗಿಲ ಮೇಲೆ ನನ್ನ ಹೆಸರು ಹೇಗೆ ಕಾಣಬಹುದು ಎಂದು ಯೋಚಿಸುತ್ತಿದ್ದೆ. ಅವಳು ನೋಡಿದ್ದು ನನಗೆ ಕಂಡಿತ್ತು. ಧನ್ಯವಾದ ಹೇಳುತ್ತಿದ್ದಾಳೆ ಅಂದುಕೊಂಡೆ.

ನನ್ನ ಕೈಯಿಂದ ಅವಳು ಮಾತ್ರೆ ತೆಗೆದುಕೊಳ್ಳಲಿಲ್ಲ. ನಿನ್ನ ಕೈಯಿಂದ ತೆಗೆದುಕೊಂಡರೂ ತೆಗೆದುಕೊಳ್ಳಬಹುದು. ಚೀಲ ಬೇಡ, ಜೇಬಿನಲ್ಲಿ ಇಟ್ಟುಕೊಂಡು ಹೋಗು. ಗುರುವಾರ ನಾಲ್ಕು ಗಂಟೆಗೆ ನಾನೂ ಬಂದು ಒಗೆಯುವ ಅಂಗಡಿಯ ಮುಂದೆ ನಿಂತಿರುತ್ತೇನೆ. ಅವಳಾಗಿ ಕರೆಯುವವರೆಗೆ ನನ್ನನ್ನು ಮೇಲೆ ಬಾ ಅನ್ನಬೇಡ.