ಅರಮನೆ ಪರದೆಯ ಬೆನ್ನು

ಬೆರ್ರಿಯೆಸಾ,
ಅಕ್ಟೋಬರ್ ೧೯, ಭಾನುವಾರ

ಸೌ. ರಮಾಳಿಗೆ,

ವೈಕುಂಠ ಬರೆಯುವುದು. ಆಶೀರ್ವಾದ ಅಂತ ಶುರುಮಾಡೋಣ ಅಂದುಕೊಂಡೆ. ಆದರೆ ನೀನು ಮನೆ ಬಿಟ್ಟು ಮಗಳ ಜೊತೆ ಲಾಸ್ ಗ್ಯಾಟೋಸಿನಲ್ಲಿ ಕೂತಮೇಲೆ ಗಂಡನ ಆಶೀರ್ವಾದ ಅಲ್ಲಿ ಯಾರಿಗೆ ಬೇಕು. ಫೋನು ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದು, ನಡುವೆ ಒಲೆ ನೋಡುವ ನೆಪದಲ್ಲಿ ಎದ್ದು ಹೋಗಬೇಡ.

ನಿನ್ನೆ ಇಲ್ಲಿಯ ಸ್ಥಳೀಯ ಚರಿತ್ರೆಯ ಸಂಗ್ರಹಾಲಯದಲ್ಲಿ ಹೊಸದಾಗಿ ಬಂದ ವಸ್ತುಗಳ ಪ್ರದರ್ಶನ ಶುರುವಾಯಿತು. ನಮ್ಮ ನಾಟಕ ತಂಡದ ಅರಮನೆ ಪರದೆಯನ್ನು ನೀನು ಅಲ್ಲಿಗೆ ಕೊಟ್ಟಿದ್ದೀಯ ಎಂದು ತಂಡದ ಗೆಳೆಯ ನಾಗರಾಜು ಹೇಳಿದಾಗ, ನನ್ನನ್ನು ಕೇಳದೆ ಕೊಟ್ಟಳಲ್ಲ ಎಂಬ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಾಯಿತು. ಜರಿ ಶಲ್ಯ ಹೊದ್ದು ಹೋದೆ. ನೀನು ನಮ್ಮ ಗರಾಜಿನಲ್ಲಿ ಬಿಡಿಸಿದ ಆ ಚಿನ್ನದ ಕಂಬಗಳು, ಆ ನವಿಲು, ಅವುಗಳ ಮುಂದೆ ಮಹಾರಾಜನ ವೇಷದಲ್ಲಿ ಗದೆ ಹಿಡಿದು ಗರ್ಜಿಸುವ ನಾನು, ಎಲ್ಲ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿತ್ತು.

ಹೋಗಿ ನೋಡುತ್ತೇನೆ, ಅರಮನೆಯೇ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ಜನರ ಕಡೆಗಿರುವುದು ಪರದೆಯ ಬೆನ್ನು. ಛೀ! ಕೊಳೆ, ಬೆವರಿನ ಕಲೆ, ತೇಪೆಯ ಮೇಲೆ ತೇಪೆ. ಹಿತ್ತಲಲ್ಲಿ ಒಣಗಬೇಕಾದ ಒಳಬಟ್ಟೆಯನ್ನು ಬೀದಿಯಲ್ಲಿ ಹರವಿದ ಹಾಗೆ. ಅದರ ಮೇಲೆ ದೀಪ ಬೇರೆ. ಒಂದು ಪಕ್ಕದಲ್ಲಿ ಯಾವುದೋ ಹಳೇ ಹಣ್ಣಿನ ಕಾರ್ಖಾನೆಯ ತುಕ್ಕು ಡಬ್ಬಿಗಳು. ಎದುರಿಗೆ ಚೀಸು ಮೆಲ್ಲುತ್ತ, ವೈನು ಹೀರುತ್ತ, ಬಗ್ಗಿ ಬಗ್ಗಿ ಹೊಲಿಗೆ ನೋಡುವ ಜನ. ವಾವ್ ಅನ್ನುತ್ತಾರೆ. ಹರಕಲಿಗೆ ವಾವ್.

ನಾನು ಬೆಳೆದ ನಾಟಕ ಕಂಪನಿಯ ಕಟ್ಟಳೆ ನಿನಗೆ ಗೊತ್ತಿದೆ. ಪರದೆಯ ಹಿಂಬದಿ ಪ್ರೇಕ್ಷಕನ ಕಣ್ಣಿಗೆ ಬೀಳಕೂಡದು. ಇಣುಕಿದವರ ಕಿವಿಯನ್ನು ಕಂಪನಿ ನಡೆಸುತ್ತಿದ್ದ ನಮ್ಮ ಸೋದರಮಾವ ಕೆಂಪಾಗುವ ತನಕ ಹಿಂಡುತ್ತಿದ್ದರು. ಆ ಪುಣ್ಯಾತ್ಮ ಇದನ್ನು ನೋಡದೆ ಹೋದದ್ದು ಒಳ್ಳೆಯದಾಯಿತು.

ಸಂಗ್ರಹಾಲಯ ನೋಡಿಕೊಳ್ಳುವ ಲಿನ್ ಎಂಬ ಹುಡುಗಿಯನ್ನು ಕರೆದು, ಇದು ಉಲ್ಟಾ ಆಗಿದೆಯಮ್ಮಾ ಎಂದೆ. ನನ್ನ ಕಂಠ ಗೊತ್ತಲ್ಲ, ಡಬ್ಬಿಗಳೂ ಅದುರಿರಬೇಕು. ಅವಳು ಅದುರಲಿಲ್ಲ. ಕೊಟ್ಟವರೇ ಹೀಗೆ ತೂಗುಹಾಕಲು ಹೇಳಿದ್ದಾರೆ, ಮುಂದಿನದನ್ನು ಎಲ್ಲರೂ ನೋಡಿಯಾಗಿದೆ ಅಂದಿದ್ದಾರೆ, ಅವರೇ ಹೇಳದೆ ತಿರುಗಿಸುವ ಹಾಗಿಲ್ಲ ಎಂದಳು. ಜೊತೆಗೆ, ಬರುವ ಶನಿವಾರದ ಸಾರ್ವಜನಿಕ ಕಾರ್ಯಕ್ರಮದಲ್ಲಿ ಈ ತೇಪೆಗಳ ಬಗ್ಗೆ ಮಾತಾಡಲು ನೀನೇ ಬರುತ್ತೀಯಂತೆ. ನಮ್ಮ ಕನ್ನಡದವರೆಲ್ಲ ಬರುತ್ತಾರಂತೆ. ಪಕ್ಕದಲ್ಲೇ ಇದ್ದ ನಾಗರಾಜು ಆಗಲೇ ಶುರುಮಾಡಿದ: ಏನು ಮಹಾರಾಜ, ನಿನ್ನ ಗದೆ ರಾಕ್ಷಸರಿಗಿಂತ ರಮಕ್ಕನ ಪರದೆಗೇ ಜಾಸ್ತಿ ಬಿದ್ದಿದೆಯಲ್ಲೋ, ಅಂತ. ಅವನ ಹೆಂಡತಿ ಪದ್ಮಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹೌದು, ಗದೆ ಬೀಸುವಾಗ ಪರದೆ ಹರಿಯುತ್ತಿತ್ತು. ಹರಿದಾಗಲೇ ಚಪ್ಪಾಳೆಯೂ ಬೀಳುತ್ತಿತ್ತು. ಆಟ ಮುಗಿದಮೇಲೆ ನಾನು ಹಾರ ಹಾಕಿಸಿಕೊಳ್ಳುತ್ತಿದ್ದೆ, ನೀನು ಪರದೆ ಮಡಿಸುತ್ತಿದ್ದೆ. ಅವರವರ ಪಾತ್ರ ಅವರವರಿಗೆ. ಮುಂದಿನ ಆಟಕ್ಕೆ ಕಂಬವೂ ನವಿಲೂ ಹೊಸದಾಗಿ ನಿಂತಿರುತ್ತಿದ್ದವು. ಹೇಗೆ ಎಂದು ಕೇಳುವುದು ರಾಜನ ಕೆಲಸವಲ್ಲ.

ಈಗ ಒಂದು ಕೇಳುತ್ತೇನೆ. ನವಿಲಿನ ಬೆನ್ನಿಗೆ ಹಾಕಿದ ಆ ಹಸಿರು ತೇಪೆ, ನನ್ನ ಅಮ್ಮ ನಿನಗೆ ಧಾರೆಗೆ ಉಡಿಸಿದ ಸೀರೆಯಲ್ಲವೇ? ಡ್ರೈ ಕ್ಲೀನಿಂಗಿನವನು ಹಾಳುಮಾಡಿದ ಅಂತ ನೀನು ಅಂದಿದ್ದೆ. ಆವತ್ತು ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಗದೆ ಹರಿದದ್ದಕ್ಕೆ ತೇಪೆ ಹಾಕಲು ಕತ್ತರಿಸಿದೆ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅದರ ಮುಂದೆ ನಿಂತಾಗ ಎಂಥ ಹೇಸಿಗೆಯಾಯಿತು ಅಂತೀಯ. ಯಾರ ಮೇಲೆ ಎಂದು ಕೇಳಬೇಡ.

ಅದಿರಲಿ. ಶನಿವಾರದೊಳಗೆ ಲಿನ್‌ಗೆ ಫೋನು ಮಾಡಿ ಪರದೆ ತಿರುಗಿಸಲು ಹೇಳು. ಏನು ಮಾತಾಡುವುದಿದ್ದರೂ ಅರಮನೆಯ ಮುಂದೆ ನಿಂತು ಮಾತಾಡು. ಅಷ್ಟು ಜನರೆದುರು ನನ್ನ ಮಾನ ನಿನ್ನ ಕೈಯಲ್ಲಿದೆ.

ಇತಿ,
ಒಂದು ಕಾಲದ ಮಹಾರಾಜ, ಈಗ ತನ್ನ ಅನ್ನ ತಾನೇ ಬೇಯಿಸಿ ಸೀಯಿಸಿಕೊಳ್ಳುವ
ವೈಕುಂಠ

ತಾ.ಕ.: ಕಾಗದವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಮಂಗಳವಾರ, ಮತ್ತೆ ಹೋಗಿಬಂದೆ. ಲಿನ್‌ಗೆ ಫೋನು ಮಾಡಬೇಡ, ಪರದೆ ಹಾಗೇ ಇರಲಿ. ಶನಿವಾರ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ, ಬಾಯಿ ತೆರೆಯುವುದಿಲ್ಲ. ಹಸಿರು ತೇಪೆ ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿರುವುದನ್ನು ಮೊದಲ ದಿನವೇ ನೋಡಿದ್ದೆ. ಸೂಜಿ ದಾರ ಒಯ್ದಿದ್ದೆ. ಪೋಣಿಸಲು ಬಾರದೆ ನಾನು ತಡಕಾಡುತ್ತಿರುವಾಗಲೇ ಕಾವಲಿನವನು ಬಂದು ಕಿತ್ತುಕೊಂಡ.